ಹೊಳೆಯಾಚೆಯ ಕುಂಕುಮ

ಗಾದಿಲಿಂಗಪ್ಪನ ಕುಂಕುಮದ ಡಬ್ಬಿಯ ಮೇಲೆ ‘ಮುತ್ತೈದೆಯ ಕೈಯಿಂದ ತಯಾರಾದದ್ದು’ ಎಂದು ಅಚ್ಚಾಗಿತ್ತು. ತಯಾರಿಸುತ್ತಿದ್ದವಳು ಅವನ ಅತ್ತಿಗೆ ಸಂಗಮ್ಮ. ಅವಳ ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಅರಿಶಿನದ ಕೊಂಬನ್ನು ನಿಂಬೆರಸ, ಪಟಿಕ, ಬಿಳಿಗಾರದಲ್ಲಿ ನೆನೆಹಾಕುವುದು, ಒಣಗಿಸುವುದು, ಕುಟ್ಟಿ ಜರಡಿ ಹಿಡಿಯುವುದು, ಎಲ್ಲವನ್ನೂ ಹಿತ್ತಿಲ ಕೋಣೆಯಲ್ಲಿ ಅವಳೊಬ್ಬಳೇ ಮಾಡುತ್ತಿದ್ದಳು. ಡಬ್ಬಿಗೆ ತುಂಬುವ ದಿನ ಗಾದಿಲಿಂಗಪ್ಪನ ಹೆಂಡತಿ ಉಚ್ಚೆಂಗಮ್ಮ ತಲೆಗೆ ನೀರು ಹಾಕಿಕೊಂಡು ಬಂದು, ರಾಶಿಯಿಂದ ಮೊದಲ ಚಿಟಿಕೆ ತೆಗೆದು ಹಣೆಗಿಟ್ಟುಕೊಳ್ಳುತ್ತಿದ್ದಳು. ಅಲ್ಲಿಂದ ಅದು ಮುತ್ತೈದೆಯ ಕೈಯ ಕುಂಕುಮ. ಮನೆಯಲ್ಲಿ ಯಾರಿಗೂ ಅದು ಸುಳ್ಳು ಅನ್ನಿಸಿರಲಿಲ್ಲ, ಸಂಗಮ್ಮನಿಗೂ ಅನ್ನಿಸಿರಲಿಲ್ಲ. ಅನ್ನಿಸಿದ್ದರೆ ಕೋಣೆಯೂ ಕೆಲಸವೂ ಎರಡೂ ಹೋಗುತ್ತಿದ್ದವು.

ಕಂಪ್ಲಿಯಿಂದ ಆ ಡಬ್ಬಿ ಹೊಸಪೇಟೆಗೆ, ಹಂಪಿ ಬಜಾರಿಗೆ, ಸಂಡೂರಿಗೆ ಹೋಗುತ್ತಿತ್ತು. ಹೊಳೆ ದಾಟಿ ನಿಜಾಮರ ಸೀಮೆಗೆ ಮಾತ್ರ ಮಾರಾಟಕ್ಕೆ ಹೋಗಿರಲಿಲ್ಲ. ಆ ಮಾತಿಗೆಂದೇ ಗಂಗಾವತಿಯ ವ್ಯಾಪಾರಿ ಗವಿಸಿದ್ದಪ್ಪ ಹರಿಗೋಲಿನಲ್ಲಿ ಬಂದು ಪಡಸಾಲೆಯಲ್ಲಿ ಕುಳಿತಿದ್ದ. ಸಂಗಮ್ಮ ಒಳಗೆ ಜರಡಿ ಹಿಡಿದು ಕೂತಿದ್ದಳು. ಮಾತೆಲ್ಲ ಕೇಳುತ್ತಿತ್ತು.

“ಹೊಳಿ ದಾಟಿದ್ರ ಬ್ಯಾರೆ ರಾಜ್ಯ, ಬ್ಯಾರೆ ರೊಕ್ಕ,” ಎಂದ ಗವಿಸಿದ್ದಪ್ಪ. “ಇಲ್ಲಿಂದ ಡಬ್ಬಿ ಒಯ್ದು ನಾಕಾದಾಗ ಸುಂಕ ಕಟ್ಟಿದ್ರ ನಮ್ಮೂರ ಕುಂಕುಮಕ್ಕಿಂತ ತುಟ್ಟಿ ಆಗ್ತೈತಿ. ಹೆಣ್ಮಕ್ಕಳು ಮೂಸಿ ನೋಡಿ ಅಲ್ಲೇ ಇಟ್ಟು ಹೋಗ್ತಾರ.”

“ಹಂಗಾದ್ರ ನಾವ ಅಲ್ಲೊಂದು ಅಂಗಡಿ ಇಡೋಣು,” ಎಂದ ಗಾದಿಲಿಂಗಪ್ಪ.

“ಇಡ್ರಿ ಸಾವ್ಕಾರ್ರ. ಯಾರನ್ನ ಕೂಡಸ್ತೀರಿ? ಬೋರ್ಡಿನ ಮ್ಯಾಲ ಬ್ರದರ್ಸ್ ಅಂತ ಐತಿ, ಕಣ್ಣಿಗೆ ನೀವೊಬ್ಬರ ಕಾಣ್ತೀರಿ.”

ಗಾದಿಲಿಂಗಪ್ಪ ನಕ್ಕ. ಒಳಗೆ ಜರಡಿ ನಿಂತಿತು. ಬೋರ್ಡಿನಲ್ಲಿ ಉಳಿದಿದ್ದ ಆ ಇನ್ನೊಬ್ಬ ಸಂಗಮ್ಮನ ಗಂಡ.

“ಮೂರನೇದು ಹೇಳ್ತೀನಿ ಕೇಳ್ರಿ,” ಎಂದ ಗವಿಸಿದ್ದಪ್ಪ. “ಹೆಸರು ನಿಮ್ಮದು, ಡಬ್ಬಿ ನಿಮ್ಮದು. ಮಾಡೋ ಪದ್ಧತಿ ನನಗ ಕೊಡ್ರಿ, ನಮ್ಮ ಮನಿಯಾಗ ಮಾಡಿಸ್ತೀನಿ. ಮಾರಿದ ಡಬ್ಬಿಗೆ ಇಷ್ಟು ಅಂತ ನಿಮಗ ಮುಟ್ಟಸ್ತೀನಿ.”

ಮೂರರಲ್ಲಿ ತನಗೆ ಯಾವುದು ಒಳ್ಳೆಯದು ಎಂದು ಸಂಗಮ್ಮ ಯೋಚಿಸಿದಳು. ಡಬ್ಬಿ ಕಳಿಸಿದರೆ ಕುಟ್ಟುವುದು ಇನ್ನಷ್ಟು. ಅಂಗಡಿ ಇಟ್ಟರೆ ಈ ಮನೆ ಎರಡಾಗುತ್ತದೆ, ತಾನು ಯಾವುದರಲ್ಲಿ? ಪದ್ಧತಿಯನ್ನೇ ಕೊಟ್ಟರೆ, ಒಂದು ಹಾಳೆಯಲ್ಲಿ ಹಿಡಿಸುವಂಥದ್ದನ್ನು ಹನ್ನೊಂದು ವರ್ಷ ತನ್ನದೆಂದುಕೊಂಡು ಬದುಕಿದ್ದೇಕೆ?

ಗಾದಿಲಿಂಗಪ್ಪ ಮೂರನೆಯದಕ್ಕೆ ಒಪ್ಪಿದ. ಮರುದಿನ ಹಾಳೆ ಹಿಡಿದು ಹಿತ್ತಿಲ ಕೋಣೆಗೆ ಬಂದ.

“ಅತ್ತಿಗಿ, ಒಂದೊಂದ ಹೇಳ್ರಿ, ಬರಕೊಂತೀನಿ.”

“ನಿಂಬಿರಸ ಕೊಂಬು ಮುಳುಗೋವಷ್ಟು.”

“ಮುಳುಗೋವಷ್ಟು ಅಂದ್ರ ಎಷ್ಟು ಸೇರು?”

“ಮುಳುಗೋವಷ್ಟು.”

ಬಾಗಿಲಲ್ಲಿ ನಿಂತಿದ್ದ ಉಚ್ಚೆಂಗಮ್ಮ ನಕ್ಕಳು. “ಸಾರಿಗೆ ಎಷ್ಟು ಉಪ್ಪು ಅಂತ ಅಕ್ಕನ್ನ ಕೇಳ್ರಿ, ಹಾಕೋವಷ್ಟು ಅಂತಾಳ.”

ಹೇಗೋ ಅಳತೆ ಹೊಂದಿಸಿ ಬರೆದುಕೊಂಡದ್ದಾಯಿತು. ನೆನೆಸುವುದು ಮೂರು ದಿನ. ಆಮೇಲೆ ಒಣಗಿಸಬೇಕು. ಒಣಗಿದ ಮೇಲೆ ಕುಟ್ಟಬೇಕು. ಹಾಳೆ ಹೊಳೆ ದಾಟಿತು.

ತಿಂಗಳು ಕಳೆದ ಮೇಲೆ ಗವಿಸಿದ್ದಪ್ಪ ಮತ್ತೆ ಬಂದ. ಒಂದು ಪೊಟ್ಟಣ ಬಿಚ್ಚಿ ಗಾದಿಲಿಂಗಪ್ಪನ ಮುಂದಿಟ್ಟ. ಇಟ್ಟಿಗೆಯ ಪುಡಿಯಂಥ ಬಣ್ಣ. ಜೊತೆಗೆ ಕುಟ್ಟದೆ ಉಳಿದ ಎರಡು ಕೊಂಬುಗಳೂ ಇದ್ದವು.

“ಇದನ್ನ ಹಣಿಗಿಟ್ಟುಕೊಂಡ್ರ ಗಾಯ ಒಣಗಿದಂಗ ಕಾಣ್ತೈತಿ,” ಎಂದ. “ಹೇಳಿಕೊಟ್ಟೋರು ಏನೋ ಬಿಟ್ಟಾರ. ನಿಮ್ಮ ಮನಿಯಾಕಿನ್ನ ಎರಡು ತಿಂಗಳು ಕಳಸ್ರಿ. ನಮ್ಮವ್ವನ ಜೋಡಿ ಇದ್ದು ಕಲಿಸಿ ಬರಲಿ. ಇಲ್ಲಂದ್ರ ಈ ಮಾತು ಇಲ್ಲಿಗೆ ಬಿಡೋಣು.”

ಗಾದಿಲಿಂಗಪ್ಪ ಪೊಟ್ಟಣ ಎತ್ತಿಕೊಂಡು ಒಳಗೆ ಬಂದ. “ಅತ್ತಿಗಿ, ಏನು ಬಿಟ್ರಿ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ಕೊಂಬನ್ನು ಮುಟ್ಟಿದ ಕೂಡಲೇ ಸಂಗಮ್ಮನಿಗೆ ತಿಳಿಯಿತು. ಬಿಸಿಲಿನಲ್ಲಿ ಒಣಗಿಸಿದ್ದರು. ಅವಳು ಯಾವತ್ತೂ ಇದೇ ಕೋಣೆಯ ನೆರಳಲ್ಲಿ ಹರವುತ್ತಿದ್ದಳು. ಅದನ್ನು ಬಾಯಿಬಿಟ್ಟು ಹೇಳಬೇಕೆಂದು ಹೊಳೆದಿರಲಿಲ್ಲ. ಅಥವಾ ಹೊಳೆದಿತ್ತೋ? ‘ಒಣಗಿಸಬೇಕು’ ಎಂದು ಅವನು ಬರೆಯುವಾಗ ‘ನೆರಳಾಗ’ ಎನ್ನುವ ಮಾತು ನಾಲಿಗೆಯ ಮೇಲೆ ಇತ್ತೆಂದೂ ಈಗ ಅನ್ನಿಸಿತು. ಮರೆತದ್ದೋ ಬಚ್ಚಿಟ್ಟದ್ದೋ ಎಂದು ಆ ದಿನವನ್ನು ನೆನೆನೆನೆದು ನೋಡಿದಳು. ಉಚ್ಚೆಂಗಮ್ಮನ ನಗು ನೆನಪಾಯಿತು, ಹಾಳೆಯ ಮೇಲೆ ಬಿದ್ದ ಮಸಿ ನೆನಪಾಯಿತು. ತನ್ನ ಮನಸ್ಸು ಮಾತ್ರ ನೆನಪಿಗೆ ಬರಲಿಲ್ಲ.

“ಅಕ್ಕ, ನಾ ಹೋದ್ರ ಒಂದ ದಿನಕ್ಕ ಗೊತ್ತಾಗ್ತೈತಿ,” ಎಂದು ಉಚ್ಚೆಂಗಮ್ಮ ಪಿಸುಗುಟ್ಟಿದಳು. “ನನಗ ಕೊಂಬು ಮುರಿದು ನೋಡಾಕೂ ಬರಂಗಿಲ್ಲ.”

ಒಂದು ಮಾತು ಗಾದಿಲಿಂಗಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದರೆ ಮುಗಿಯುತ್ತಿತ್ತು. ಸಂಗಮ್ಮ ಸೆರಗು ಎಳೆದುಕೊಂಡು ತಾನೇ ಪಡಸಾಲೆಗೆ ಬಂದಳು. ಹಣೆಯ ಮೇಲೆ ವಿಭೂತಿಯ ಗೆರೆ ಬಿಟ್ಟರೆ ಬೇರೇನೂ ಇರಲಿಲ್ಲ.

“ಬಿಸಿಲಾಗ ಒಣಗಿಸೀರಿ. ನೆರಳಾಗ ಒಣಗಬೇಕು. ಮುರಿದ್ರ ಒಳಗೂ ಕೆಂಪಿರಬೇಕು.” ಕೊಂಬು ಮುರಿದು ತೋರಿಸಿದಳು. ಒಳಗೆ ಕಂದು.

ಗವಿಸಿದ್ದಪ್ಪ ಕೊಂಬನ್ನು ನೋಡಲಿಲ್ಲ. ಅವಳ ಹಣೆ ನೋಡಿದ, ಆಮೇಲೆ ಗೂಡಿನಲ್ಲಿ ಸಾಲಾಗಿಟ್ಟ ಡಬ್ಬಿಗಳನ್ನು ನೋಡಿದ.

“ಕೊನೀಗೆ ನಮ್ಮಾಕಿ ಕೈ ಮುಟ್ಟಸ್ತಾಳ,” ಎಂದ ಗಾದಿಲಿಂಗಪ್ಪ. ಹೊರಗಿನವನಿಗೆ ಹೇಳಿದಾಗ ಅದು ಎಷ್ಟು ಸಣ್ಣ ಮಾತು ಎಂದು ಅವನಿಗೇ ಕೇಳಿಸಿತು.

ಗವಿಸಿದ್ದಪ್ಪ ಗೂಡಿನಿಂದ ಒಂದು ಡಬ್ಬಿ ತೆಗೆದು ಅಚ್ಚಾದ ಮಾತಿನ ಮೇಲೆ ಬೆರಳಿಟ್ಟ. “ಇದು ಗೊತ್ತಾದ್ರ ನಾ ಅಂಗಡಿ ಮುಚ್ಚಬೇಕು. ಒಂದು ಕೆಲಸ ಮಾಡೋಣು. ಡಬ್ಬಿ ಬ್ಯಾಡ, ಹಾಳಿನೂ ಬ್ಯಾಡ. ಬಣ್ಣ ಹತ್ತಿದ ಕೊಂಬು ಕಳಸ್ರಿ. ಬರೇ ಕೊಂಬು ಅಂದ್ರ ಸುಂಕಾನೂ ಕಮ್ಮಿ ಬೀಳಬಹುದು. ನಮ್ಮ ಮನಿಯಾಗ ಐದು ಮಂದಿ ಮುತ್ತೈದೇರು ಅದಾರ, ಅವರು ಕುಟ್ಟಲಿ. ಡಬ್ಬಿ ಮ್ಯಾಲಿನ ಮಾತು ಸುಳ್ಳಾಗಂಗಿಲ್ಲ.”

ಗಾದಿಲಿಂಗಪ್ಪನ ಮುಖ ಅರಳಿತು. ಸಂಗಮ್ಮನ ಭಯವೂ ಅಲ್ಲಿಗೆ ತೀರಬೇಕಿತ್ತು. ಕೋಣೆ ಉಳಿಯಿತು, ಕೆಲಸ ಉಳಿಯಿತು, ಇನ್ನು ಯಾರೂ ಅವಳನ್ನು ಹೊರಗೆ ಕರೆಯುವಂತಿರಲಿಲ್ಲ. ತಿಂಗಳಿನಿಂದ ಹಂಬಲಿಸಿದ್ದೇ ಇದಲ್ಲವೆ? ಆದರೂ ಅವಳು ಒಳಗೆ ಹೋಗಲಿಲ್ಲ.

“ಕೊಂಬು ಹರಿಗೋಲಾಗ ಹೋದ್ರ ಕೆಡ್ತೈತಿ,” ಎಂದಳು. “ನೀರಿನ ಪಸಿ ಹತ್ತಿದ್ರ ಬಣ್ಣ ಬಿಡ್ತೈತಿ.”

“ಗೋಣಿ ಸುತ್ತೋಣು.”

“ಸುತ್ತಿದ್ರ ಬೂಸಲು ಹಿಡೀತೈತಿ.”

“ಹಂಗಾದ್ರ ಏನು ಮಾಡಬೇಕು, ನೀವ ಹೇಳ್ರಿ ಅಕ್ಕಾರ.”

ಅವಳು ಮುರಿದ ಕೊಂಬನ್ನು ಕೆಳಗಿಟ್ಟಳು. “ನಾನ ಬರ್ತೀನಿ. ಅಲ್ಲೇ ಬಣ್ಣ ಹತ್ತಸ್ತೀನಿ. ನಿಮ್ಮ ಮುತ್ತೈದೇರು ನನ್ನ ಮುಂದ ಕುಂತು ಕುಟ್ಟಲಿ. ಮಾಡಾಕಿ ಇಂಥಾಕಿ ಅಂತ ಅವರಿಗೆ ಮೊದಲ ಹೇಳಿ ಇಡ್ರಿ.”

ಗವಿಸಿದ್ದಪ್ಪ ಎದ್ದು ರುಮಾಲು ಸರಿಮಾಡಿಕೊಂಡ. “ನಮ್ಮವ್ವನ್ನ ಕೇಳಬೇಕು. ಆಕಿ ಮೂರು ವರ್ಷದಿಂದ ಸುಂಕ ತಪ್ಪಿಸಿ ಕಳ್ಳತನದಾಗ ನಿಮ್ಮ ಕುಂಕುಮಾನ ತರಿಸಿ ಇಟ್ಟುಕೊಂತಾಳ. ಏನಂತಾಳೋ.”

“ಕೇಳ್ರಿ,” ಎಂದಳು ಸಂಗಮ್ಮ.

ಅವನು ಹೋದ ಮೇಲೆ ಉಚ್ಚೆಂಗಮ್ಮ ಹಿತ್ತಿಲ ಕೋಣೆಗೆ ಬಂದು ಬಾಗಿಲಲ್ಲಿ ನಿಂತಳು.

“ಅಕ್ಕ, ಪಸಿ ಹತ್ತಿದ್ರ ಖರೇನ ಬಣ್ಣ ಬಿಡ್ತೈತೇನು?”

“ಗೊತ್ತಿಲ್ಲವ್ವ. ನಾ ಯಾವತ್ತೂ ಹೊಳಿ ದಾಟಿಸಿಲ್ಲ.”

“ಮತ್ತ ಯಾಕ ಹಂಗ ಅಂದಿ?”

ಅದೂ ಗೊತ್ತಿರಲಿಲ್ಲ. ಆ ಮುದುಕಿ ಬೇಡ ಎಂದರೆ ಅವಮಾನ. ಹೂಂ ಎಂದರೆ ಗುರುತಿಲ್ಲದ ಊರು, ಐದು ಜನ ಹೆಂಗಸರ ಹತ್ತು ಕಣ್ಣು. ಯಾವುದು ಬರಲೆಂದು ತಾನು ಕಾಯುತ್ತಿದ್ದೇನೆ ಎಂದು ಸಂಗಮ್ಮ ತನ್ನನ್ನೇ ಕೇಳಿಕೊಂಡಳು. ಉಚ್ಚೆಂಗಮ್ಮ ಇನ್ನೂ ನಿಂತೇ ಇದ್ದಳು.

“ನೀ ಹೋದ್ರ ಇಲ್ಲಿ ಮಾಡೋರು ಯಾರಕ್ಕ?”

“ಬಾ, ಕುಂದ್ರು,” ಎಂದು ಸಂಗಮ್ಮ ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು. ಅವಳ ಅಂಗೈಗೆ ಒಂದು ಕೊಂಬು ಇಟ್ಟು, “ಮುರಿ,” ಎಂದಳು.