ಎರಡು ಹೆಬ್ಬೆರಳು

ಪುಟ್ಟ ಮುಷ್ಟಿ ಬಿಚ್ಚಿಕೊಂಡಿತು, ಅಗೋ ಮತ್ತೆ, ಹೆಬ್ಬೆರಳ ಬುಡದಲ್ಲೇ ಇನ್ನೊಂದು, ಅವರೆಕಾಳಿನಷ್ಟು, ಅದಕ್ಕೂ ಒಂದು ಉಗುರು — ರಜನಿ ಮುಖ ತಿರುಗಿಸಿದಳು, ತಮ್ಮನ ಮಗುವಿಗೆ ಹೆಸರಿಡಲೆಂದು ರಾಯಲ್ಪಾಡಿನ ತವರಿಗೆ ಬಂದವಳು ಗೋಡೆ ನೋಡುತ್ತಾ ಕೂರುವುದೇ, ನಡುಮನೆ ತುಂಬ ಹೆಂಗಸರು, ಅಮ್ಮ ಆವಲಮ್ಮನ ದನಿ ಎಲ್ಲರಿಗಿಂತ ಮೇಲೆ, ಗ್ರಹಣದ ದಿನ ಬೇಡ ಕಣೇ ಅಂದ್ರೂ ಕೇಳ್ದೆ ಈಳಿಗೆಮಣೆ ಮುಂದೆ ಕೂತು ಮಾವಿನಕಾಯಿ ಹೆಚ್ಚಿದ್ಲು ನಮ್ಮ ಸೊಸೆ, ಕಾಯಿ ಸೀಳಿದಂಗೇ ಮಗು ಬೆರಳೂ ಸೀಳ್ತು. ತಮ್ಮನ ಹೆಂಡತಿ ಶಿರೀಷಾ ತಲೆ ಎತ್ತಿದಳು, ಇಲ್ಲ ಅತ್ತೆ, ರಜನಿ ಅತ್ಗೆ ಕಾಲೇಜಲ್ಲಿ ಇದೇ ಪಾಠ ಮಾಡೋದು, ಅವರೇ ಹೇಳ್ಲಿ, ಹೇಳಿ ಅತ್ಗೆ, ಹಂಗಾಗುತ್ತಾ?

ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು, ಶ್ರೀನಿವಾಸಪುರದ ತರಗತಿ, ಬೋರ್ಡಿನ ಮೇಲೆ ಮೊಟ್ಟೆಯೊಳಗಿನ ಕೋಳಿಭ್ರೂಣ, ಅದರ ಪಕ್ಕೆಯಲ್ಲಿ ಮೊಗ್ಗಿನಂಥ ಉಬ್ಬು, ಇದೇ ಮುಂದೆ ರೆಕ್ಕೆ, ನಮ್ಮಲ್ಲಿ ಕೈ, ಕಿರುಬೆರಳಿನ ಕಡೆಯಿಂದ ಒಂದು ಜೀನ್ ಸಂಕೇತ ಕಳಿಸುತ್ತೆ, ಯಾವ ಬೆರಳು ಎಲ್ಲಿ ಅನ್ನೋದು ಅದರಿಂದಲೇ ತೀರ್ಮಾನ, ಆ ಜೀನಿನ ಸ್ವಿಚ್ಚು ತಪ್ಪಿ ಹೆಬ್ಬೆರಳಿನ ಕಡೆಯೂ ಹೊತ್ತಿಕೊಂಡರೆ ಅಲ್ಲೊಂದು ಬೆರಳು ಜಾಸ್ತಿ, ಸ್ವಿಚ್ಚಿನ ತಪ್ಪು ಮನೆತನದಲ್ಲಿ ಇಳಿದು ಬರುತ್ತೆ, ಎರಡನೇ ತಿಂಗಳು ಮುಗಿಯುವಷ್ಟರಲ್ಲಿ ಬೆರಳೆಲ್ಲ ಮೂಡಿರುತ್ತವೆ — ಗ್ರಹಣ ಹಿಡಿದಾಗ ಶಿರೀಷಾಗೆ ಏಳು ತಿಂಗಳು ತುಂಬಿತ್ತು, ಮಾವಿನಕಾಯಿ ಪಾಪ ಏನು ಮಾಡೀತು, ಆದರೆ ಮನೆತನ ಅಂದರೆ ಯಾರ ಮನೆತನ, ರಜನಿ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಹೆಬ್ಬೆರಳ ಬುಡದಲ್ಲಿ ಒಂದು ಗಂಟು, ತಾನು ಹುಟ್ಟಿದ ವಾರದಲ್ಲೇ ಅಜ್ಜಿ ಕುದುರೆಬಾಲದ ಕೂದಲು ಬಿಗಿದು ಕಟ್ಟಿದಳಂತೆ, ಇನ್ನೊಂದು ಬೆರಳು ಕಪ್ಪಾಗಿ ಒಣಗಿ ಉದುರಿತಂತೆ, ಅಮ್ಮನೇ ಹೇಳಿದ್ದು, ಮದುವೆಯ ಹೊತ್ತಿಗೆ ಅದೇ ಅಮ್ಮ, ರಾಗಿ ಕೊಯ್ಯೋವಾಗ ಕುಡುಗೋಲು ತಾಗಿದ್ದು ಅನ್ನು, ಅಂದಳು, ಅಂದದ್ದಾಯಿತು, ಗಂಡನ ಮನೆಯವರು ನಂಬಿದ್ದೂ ಆಯಿತು, ಮಾಲೂರಿನಿಂದ ಬಂದ ಅತ್ತೆ ಈಗ ಎದುರಿಗೇ ಎಲೆಅಡಿಕೆ ಮಡಿಸುತ್ತಾ ಮೈಯೆಲ್ಲ ಕಿವಿಯಾಗಿ ಕೂತಿದ್ದಾರೆ, ಅಮ್ಮನ ಕಣ್ಣು ಇರಿಯುತ್ತಿದೆ, ಬಾಯಿ ಬಿಟ್ಟೀಯಾ ಜೋಕೆ — ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂದಂಗಾಯಿತು, ರಜನಿಯ ಬಾಯಿಂದ ಬಂದದ್ದು, ಇರ್ಬೋದು ಕಣೇ, ಯಾರಿಗ್ ಗೊತ್ತು.

ನಾಚಿಕೆ ಕಿವಿಯವರೆಗೂ ಏರಿತು, ಈಗಲೂ ಅನ್ನಬಹುದು, ತಮಾಷೆಗೆ ಅಂದೆ ಅನ್ನಬಹುದು, ಅನ್ನು, ಅನ್ನೇ — ಶಿರೀಷಾ ಅಳಲಿಲ್ಲ, ಜಗಳವಾಡಲಿಲ್ಲ, ಇಷ್ಟು ದಿನ ಅತ್ತೆಗೆ ಎದುರು ನಿಂತವಳು ಈಗ ತೊಟ್ಟಿಲಿಗೆ ಬಗ್ಗಿದಳು, ಅಯ್ಯೋ ಬಂಗಾರು, ಅಮ್ಮನೇ ಹಿಂಗೆ ಮಾಡ್ಬಿಟ್ಳಾ ನಿನ್ನ, ಎನ್ನುತ್ತಾ ಮಗುವಿನ ಕೈ ಎತ್ತಿ ಕಣ್ಣಿಗೊತ್ತಿಕೊಂಡಳು, ಅವಳ ರೆಪ್ಪೆಯ ಮೇಲೆ ಒಂದು ಹೆಬ್ಬೆರಳು, ಪಕ್ಕದಲ್ಲಿ ಇನ್ನೊಂದು, ಅದರ ಉಗುರು, ಆ ಉಗುರು —