ದೊಡ್ಡಮ್ಮನ ಕಣ್ಣೊಳಗಿನ ಕಾಜಾ

ನೀಲಿ ಕೋಟಿಗೆ ನೀಲಿಯೆಂದುಕೊಂಡು ಕಪ್ಪು ದಾರದಲ್ಲಿ ಗುಂಡಿಯ ಕಾಜಾ ಹೊಲಿದ ದಿನ ದೊಡ್ಡಮ್ಮ, "ಸಾಕು ಕಣೇ, ಇನ್ನು ಅಂಗಡಿ ನೀನೇ ನೋಡ್ಕೋ" ಎಂದು ಮಷಿನ್ ಬಿಟ್ಟೆದ್ದಳು. ನಲವತ್ತು ವರ್ಷ ಹೊಲಿದ ಕೈ. ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿದ್ದೆವು. ಈಗ ಮತ್ತೆ ಮಂಜು. ಕಣ್ಣಾಸ್ಪತ್ರೆಗೆ ಎಳೆದೊಯ್ದೆ.

"ಲೆನ್ಸ್ ಚೆನ್ನಾಗೇ ಇದೆ," ಎಂದರು ಡಾಕ್ಟರಮ್ಮ. "ಅದರ ಹಿಂದಿನ ತೆಳು ಪೊರೆ ಮಬ್ಬಾಗಿದೆ. ಲೇಸರ್‌ನಲ್ಲಿ ನಡುವೆ ಒಂದು ಕಿಂಡಿ ಮಾಡ್ತೀನಿ."

"ಸುಡ್ತೀರಾ?" ಎಂದಳು ದೊಡ್ಡಮ್ಮ.

"ಇಲ್ಲಮ್ಮಾ. ಬೆಳಕನ್ನೆಲ್ಲ ಕೂದಲಿಗಿಂತ ಸಣ್ಣ ಚುಕ್ಕೆಗೆ ಸೇರಿಸ್ತೀವಿ. ರೆಪ್ಪೆ ಮಿಟುಕಿಸೋ ಹೊತ್ತಲ್ಲಿ ಕೋಟಿಗೊಂದು ಪಾಲು, ಅಷ್ಟೇ. ಅಲ್ಲಿನ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬಂದು ಪ್ಲಾಸ್ಮಾ ಅನ್ನೋ ಕಿಡಿ ಹುಟ್ಟುತ್ತೆ. ಅದು ಪಟ್ಟಂತ ಹಿಗ್ಗಿದ ರಭಸಕ್ಕೆ ಪೊರೆ ಹರಿಯುತ್ತೆ."

"ಹಾಗಂದ್ರೆ ಬ್ಲೇಡಿಲ್ಲದೆ ಕಾಜಾ ಕತ್ತರಿಸ್ತೀರಿ!"

"ಹೂಂ. ಆದರೆ ಅಲುಗಾಡಿದ್ರೆ ಕಿಡಿ ಲೆನ್ಸಿಗೇ ತಗಲಿ ಗುಳಿ ಬೀಳುತ್ತೆ. ಮಾತೂ ಬೇಡ."

ದೊಡ್ಡಮ್ಮನಿಗೆ ಮಾತು ಬೇಡವೆಂದರೆ ಉಸಿರು ಬೇಡವೆಂದಂತೆ. ಲೇಸರ್ ಯಂತ್ರದ ಪಟ್ಟಿಯ ಮೇಲೆ ಗದ್ದ ಊರಿದಳು. ಟಿಕ್.

"ಅಯ್ಯೋ, ಉಗುರು ಕಡಿದ ಹಾಗೆ ಕೇಳಿಸ್ತು ಕಣೇ!" ತಲೆ ಹಿಂದಕ್ಕೆ ಬಂದೇಬಿಟ್ಟಿತ್ತು. ಇನ್ನೊಮ್ಮೆ ಹೀಗಾದರೆ ಇವತ್ತು ಆಗುವುದಿಲ್ಲ ಎಂದರು ಡಾಕ್ಟರಮ್ಮ.

ಆಗ ನನಗೆ ಹೊಳೆಯಿತು. ಗಿರಾಕಿಯ ಮೈಮೇಲೆ ಅಳತೆ ಸರಿಮಾಡುವಾಗ ದೊಡ್ಡಮ್ಮ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಳ್ಳುತ್ತಾಳೆ. ಕಚ್ಚಿಕೊಂಡಳೋ, ಪಕ್ಕದಲ್ಲಿ ಸಿಡಿಲು ಬಡಿದರೂ ತುಟಿ ಬಿಚ್ಚಳು, ಕತ್ತು ಹೊರಳಿಸಳು.

"ಡಾಕ್ಟ್ರೇ, ಬಾಯಿಗೆ ಏನಾದ್ರೂ ಕೊಡಬಹುದಾ?" ಎಂದು ಸಂಗತಿ ಹೇಳಿದೆ.

"ಸೂಜಿಯಂತೂ ಕೊಡಲ್ಲಪ್ಪ!" ನಗುತ್ತಾ ಬ್ಯಾಂಡೇಜ್ ಬಟ್ಟೆಯನ್ನು ಬೆರಳುದ್ದ ಸುರುಳಿ ಮಾಡಿ ಕೊಟ್ಟರು.

ಕಚ್ಚಿಕೊಂಡದ್ದೇ ತಡ, ದೊಡ್ಡಮ್ಮ ಕಲ್ಲಾದಳು. ಟಿಕ್, ಟಿಕ್, ಮೇಲಿಂದ ಕೆಳಕ್ಕೆ, ಆಮೇಲೆ ಅಡ್ಡಕ್ಕೆ. ಇಪ್ಪತ್ತೆರಡು ಕಿಡಿ. ಬೆವತವಳು ನಾನು.

ಪಾಪೆ ಹಿಗ್ಗಿಸುವ ಹನಿ ಹಾಕಿದ್ದರಿಂದ ಅಂದೆಲ್ಲ ಮಸುಕು. "ಏನೂ ಕಾಣಲ್ಲ, ಹೋಯ್ತು ಬಿಡು" ಎಂದು ದಾರಿಯುದ್ದಕ್ಕೂ ಗೊಣಗಿದಳು.

ಮರುದಿನ ನಾನು ಹೋಗುವಷ್ಟರಲ್ಲಿ ಅಂಗಡಿ ತೆರೆದಿತ್ತು. ಹಿಂದಿನ ವಾರ ನಾನು ಹೊಲಿದ ಅಂಗಿಯ ಕಾಲರು ಅವಳ ಕೈಯಲ್ಲಿ.

"ಇದೇನೇ ಇದು, ಹೊಲಿಗೇನೋ ಕುಡುಕನ ನಡಿಗೇನೋ?"

"ದೊಡ್ಡಮ್ಮಾ, ಕಾಣ್ತಿದೆಯಾ?"

"ನಿನ್ನ ಬಂಡವಾಳವೆಲ್ಲ ಕಾಣ್ತಿದೆ! ಬಿಚ್ಚು, ಪೂರ್ತಿ ಬಿಚ್ಚು. ಆ ರಾಶೀಲಿ ಇನ್ನೂ ಏಳು ಇವೆ, ನೋಡಿಟ್ಟಿದೀನಿ."

ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಜನ್ಮದಲ್ಲೇ ಮೊದಲು. ಮಧ್ಯಾಹ್ನವಾದರೂ ನಾಲ್ಕನೆಯ ಅಂಗಿ ಬಿಚ್ಚಿ ಮುಗಿದಿರಲಿಲ್ಲ.