ಎರಡು ಒತ್ತಿದವರು

ನನ್ನ ಉಸಿರು ಕೇಳಿಸುತ್ತದೆಯೇನೋ ಎಂಬ ಅಳುಕು ನನಗೆ. ಡೈರಿಯಲ್ಲಿ ಬರೆದೆ, ಯಾರಾದರೂ ಓದಿದರೆ ನಕ್ಕಾರೆಂದು ಹೊಡೆದುಹಾಕಿದೆ, ಮರುದಿನ ಮತ್ತೆ ಅದನ್ನೇ ಬರೆದೆ: ಪ್ರತಿ ಸಾಲಿನ ಕೊನೆಗೆ ನಾನು ಉಸಿರು ಎಳೆದುಕೊಳ್ಳುತ್ತೇನೆ. ಫೋನಿನಲ್ಲಿ ಅದು ಎಲ್ಲರಿಗೂ ಕೇಳಿಸುತ್ತಿದ್ದರೆ?

ಅಳುಕು ಶುರುವಾದದ್ದು ಕುರುಗೋಡಿನಿಂದ ಬಳ್ಳಾರಿಗೆ ಬರುವ ಬೆಳಗಿನ ಬಸ್ಸಿನಲ್ಲಿ. ಮುಂದಿನ ಸೀಟಿನ ಹೆಂಗಸು ಫೋನನ್ನು ಕಿವಿಗಿಡದೆ ಅಂಗೈ ಮೇಲೆ ರೊಟ್ಟಿಯ ಹಾಗೆ ಹಿಡಿದು ಕೂತಿದ್ದಳು. ಅದರೊಳಗಿಂದ ನಾನು ಮಾತಾಡಿದೆ. ‘ನಮಸ್ಕಾರ ತಾಯಿ. ನಿಮಗೀಗ ಆರನೇ ತಿಂಗಳು.’ ಅರ್ಧ ಬಸ್ಸಿಗೆ ಕೇಳಿಸಿತು.

‘ಯಾರಿಕಿ, ಬಸ್ಸಿನಾಗ ಬಂದು ಬಸುರಿನ ಸುದ್ದಿ ಹೇಳಾಕಿ?’ ಎಂದ ಕಂಡಕ್ಟರ್.

‘ಫೋನಿನಾಗಿನ ಅಕ್ಕ ಅಣ್ಣಾ. ನೀ ಟಿಕೆಟ್ ಹರಿ, ನನಗ ಕೇಳಾಕ ಬಿಡು’ ಎಂದಳು ಆಕೆ.

ನಾನು ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ಕಿಟಕಿಯ ಕಡೆ ತಿರುಗಿದೆ.

ಮನೆಯಲ್ಲಿ ಉಪ್ಪು ಬೇಕೆಂದು ಕೇಳುವುದಕ್ಕೂ ನನಗೆ ದನಿ ಏಳುವುದಿಲ್ಲ. ಬಿ.ಎ. ಓದಿದ ಮೂರು ವರ್ಷದಲ್ಲಿ ಒಂದು ಪ್ರಶ್ನೆಯನ್ನೂ ತರಗತಿಯಲ್ಲಿ ಕೇಳಿದವಳಲ್ಲ. ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರಲ್ಲಿದ್ದ ಈ ಸಂಸ್ಥೆಗೆ ನಾನು ಸೇರಿದ್ದು ಕಂಪ್ಯೂಟರಿಗೆ ಹೆಸರು, ನಂಬರು ತುಂಬುವುದಕ್ಕೆ. ಹಳ್ಳಿಯ ಬಸುರಿಯರಿಗೆ ವಾರಕ್ಕೊಂದು ಫೋನು ಹೋಗುತ್ತದೆ. ಏನು ತಿನ್ನಬೇಕು, ಯಾವಾಗ ತಪಾಸಣೆಗೆ ಹೋಗಬೇಕು ಎಂದು ಮುದ್ರಿಸಿಟ್ಟ ದನಿ ಹೇಳುತ್ತದೆ. ಓದು ಬರಬೇಕಿಲ್ಲ, ಒತ್ತುವ ಬಟನ್ನಿನ ಸಾದಾ ಫೋನಿದ್ದರೂ ಸಾಕು. ಮೊದಲು ಬೆಂಗಳೂರಿನ ದನಿಯಿತ್ತು. ಬ್ಯಾಂಕಿನವರ ಕಾಟ ಎಂದುಕೊಂಡು ಹೆಂಗಸರು ಇಟ್ಟುಬಿಡುತ್ತಿದ್ದರು. ಒಂದು ದಿನ ನಾನು ಪಟ್ಟಿ ಓದುತ್ತಿದ್ದುದನ್ನು ಕೇಳಿದ ನಮ್ಮ ಮ್ಯಾನೇಜರ್ ವಿರೂಪಾಕ್ಷಿ ಸರ್, ‘ಇದೇ ಬೇಕಾಗಿತ್ತು ನೋಡು’ ಎಂದು, ಗೋಡೆಗೆಲ್ಲ ಕಂಬಳಿ ಹೊಡೆದಿದ್ದ ಚಿಕ್ಕ ಕೋಣೆಗೆ ಕಳಿಸಿ ಬಾಗಿಲು ಹಾಕಿದರು. ಒಳಗೆ ಯಾರೂ ಇರಲಿಲ್ಲ. ಅದಕ್ಕೇ ನನಗೆ ಮಾತು ಬಂತು.

ಪ್ರತಿ ಕರೆಯ ಕೊನೆಗೂ ಒಂದೇ ಮಾತು: ‘ತೊಂದರೆ ಇದ್ದರೆ ಎರಡನ್ನು ಒತ್ತಿ, ಹೇಳಿ. ಎರಡು ದಿನದೊಳಗೆ ನಮ್ಮವರು ನಿಮ್ಮ ಮನೆಗೆ ಬರುತ್ತಾರೆ.’

ಆ ಬೆಳಗ್ಗೆ ಬಸ್ಸಿನಿಂದ ಇಳಿದು ಆಫೀಸು ಸೇರಿದವಳೇ ಆ ಉಸಿರಿನ ಸದ್ದು ಕೇಳೋಣವೆಂದು ಕಂಪ್ಯೂಟರ್ ತೆರೆದೆ. ನನ್ನ ದನಿಯ ಪಕ್ಕದಲ್ಲೇ ಇನ್ನೊಂದು ಫೋಲ್ಡರಿತ್ತು. ಎರಡು ಒತ್ತಿದವರ ದನಿಗಳು, ಒಟ್ಟು ಅರವತ್ತಮೂರು. ಜೊತೆಗಿದ್ದ ಪಟ್ಟಿಯಲ್ಲಿ ‘ಕೇಳಿದವರು’ ಎಂಬ ಅಂಕಣ ಮೇಲಿಂದ ಕೆಳಗಿನವರೆಗೆ ಖಾಲಿ.

ಇಯರ್‌ಫೋನ್ ಹಾಕಿಕೊಂಡೆ. ಮೊದಲನೆಯದರಲ್ಲಿ ಕೋಳಿ ಕೂಗುತ್ತಿತ್ತು. ಎರಡನೆಯವಳು ‘ಹಲೋ, ಹಲೋ, ಕೇಳಾಕತ್ತೈತೇನ್ರಿ?’ ಎಂದು ಐದು ಸಲ ಕೇಳಿ ಸುಮ್ಮನಾಗಿದ್ದಳು. ಮತ್ತೊಬ್ಬಳು, ‘ಊಟಾತಾ ಯಕ್ಕಾ?’ ಎಂದು ಉತ್ತರಕ್ಕೆ ಕಾದಿದ್ದಳು. ಆ ತುದಿಯಲ್ಲಿ ನಾನು ಜೀವಂತ ಕೂತಿದ್ದೇನೆಂದೇ ಅವರೆಲ್ಲ ತಿಳಿದಿದ್ದರು.

ವಿಜಯಲಕ್ಷ್ಮಿ ಎಂಬವಳದು ಮೂರು ಸಲ ಇತ್ತು, ವಾರಕ್ಕೊಂದರಂತೆ.

‘ಯಕ್ಕಾ, ಕಾಲು ಬಾತಾವ. ಚಪ್ಪಲಿ ಹಿಡಿಯವಲ್ಲವು.’

‘ಯಕ್ಕಾ, ಬರ್ತೀನಿ ಅಂದಿದ್ರಿ. ಅವ್ವ ಚಹಾಕ್ಕ ಹಾಲು ತೆಗದಿಟ್ಟಿದ್ಲು. ತೆಲಿ ಭಾಳ ಸಿಡೀತೈತಿ.’

ಮೂರನೆಯದು ನಾಲ್ಕು ದಿನ ಹಿಂದಿನದು. ‘ಕಣ್ಣಿಗೆ ಮಬ್ಬು ಬರ್ತೈತಿ ಯಕ್ಕಾ. ನಿಮಗ ದಾರಿ ಗೊತ್ತಾಗಲಿಲ್ಲೇನು? ಸಿರುಗುಪ್ಪ ದಾಟಿ ಮುಂದ ಬರ್ರಿ. ಕಾಲುವಿ ಆಚಿ ಕ್ಯಾಂಪಿನಾಗ ಎರಡನೇ ಮನಿ. ಬಾಗಿಲಿಗೆ ನೀಲಿ ಬಣ್ಣ ಐತಿ.’

ಕಾಲು ಬಾವು, ತಲೆಸಿಡಿತ, ಕಣ್ಣು ಮಬ್ಬು ಮೂರೂ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ ಎಂದು ಎಂಟನೇ ತಿಂಗಳ ಕರೆಯಲ್ಲಿ ನಾನೇ ಓದಿದ್ದೆ. ವಿಜಯಲಕ್ಷ್ಮಿಗೆ ಇನ್ನೂ ಏಳು. ಆ ಕರೆ ಅವಳಿಗೆ ಹೋಗಿರಲಿಲ್ಲ.

ವಿರೂಪಾಕ್ಷಿ ಸರ್ ಮುಂದೆ ನಿಂತು ಹೇಗೋ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

‘ನೋಡಮ್ಮ ಅರುಣಾ, ಇದು ಮೊದಲನೇ ಹಂತ. ಎಷ್ಟು ಮಂದಿ ಒತ್ತುತ್ತಾರೆ ಅನ್ನೋದಷ್ಟೇ ಈಗ ನೋಡೋದು. ಮನೆಗೆ ಹೋಗೋ ಜನ ಎರಡನೇ ಹಂತದಾಗ ಬರ್ತಾರೆ.’

‘ಹಂಗಾದ್ರ ಆ ಸಾಲು ತೆಗೀರಿ ಸರ್.’

‘ತೆಗೆದರೆ ಯಾರೂ ಒತ್ತಲ್ಲ.’ ಅವರು ನಕ್ಕರು. ‘ನೀನು ದನಿ ಕೊಡು ಸಾಕು. ತಲಿ ನಾವು ಕೆಡಿಸಿಕೊಳ್ತೀವಿ.’

ಮರುಮಾತಾಡಲು ದನಿ ಬೇಕಿತ್ತು. ಆದರೆ ಕಾಲಿಗೆ ದನಿ ಬೇಕಿರಲಿಲ್ಲ. ಚೀಲ ತೆಗೆದುಕೊಂಡು, ರಜೆ ಕೇಳದೆ, ಸಿರುಗುಪ್ಪದ ಬಸ್ಸು ಹತ್ತಿದೆ. ಸಿರುಗುಪ್ಪದಾಚೆಯ ಆ ಕ್ಯಾಂಪಿನ ಆಶಾ ಕಾರ್ಯಕರ್ತೆ ಗಾದೆಮ್ಮನ ನಂಬರು ನಾನೇ ತುಂಬಿದ ಪಟ್ಟಿಯಲ್ಲಿತ್ತು. ಬಸ್ಸಿನಿಂದಲೇ ಫೋನು ಮಾಡಿದೆ.

ಗಾದೆಮ್ಮ ರಸ್ತೆಯಲ್ಲೇ ಕಾದಿದ್ದಳು, ಐವತ್ತರ ಗಟ್ಟಿ ಹೆಂಗಸು. ‘ನೀನೇನಾ ದಿನಾ ನಮ್ಮ ಹೆಣ್ಮಕ್ಕಳಿಗೆ ಸೊಪ್ಪು ತಿನ್ರಿ ಅನ್ನಾಕಿ? ನೀ ಮೊದಲು ತಿನ್ನು. ಗಾಳಿ ಬಂದ್ರ ಹಾರಿ ಹೋಗ್ತಿ’ ಎಂದಳು. ಕಾಲುವೆಯ ಏರಿ ಮೇಲೆ, ಗದ್ದೆ ಕೆಲಸದವರ ಮನೆಗಳಿದ್ದ ಕ್ಯಾಂಪಿನ ಕಡೆ ನಡೆಯುವಾಗ ಅವಳ ನಗು ನಿಂತಿತು. ‘ಆಕಿ ಹೆಸರು ನನ್ನ ಪಟ್ಟ್ಯಾಗಿಲ್ಲ ತಂಗಿ. ಗಂಡನ ಮನಿ ಕುರುಗೋಡು ಕಡಿ, ಹೆಸರು ಅಲ್ಲಿ ಬರಿಸ್ಯಾರ. ತವರಿಗೆ ಹೋದಾಳಂತ ಅಲ್ಲಿ ಆಶಾ ಬಿಟ್ಟಿರ್ತಾಳ. ಇಲ್ಲಿ ಬಂದಾಳಂತ ನನಗ ಯಾರು ಹೇಳಬೇಕು?’

ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬರುತ್ತಾಳೆಂಬುದು ಇಲ್ಲಿನ ಕೂಸಿಗೂ ಗೊತ್ತು. ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ. ಫೋನು ಅವಳ ಜೊತೆಗೆ ಬಂದಿತ್ತು, ಹೆಸರು ಗಂಡನ ಊರಿನಲ್ಲೇ ಉಳಿದಿತ್ತು.

ನೀಲಿ ಬಾಗಿಲು ತೆರೆದವಳು ವಿಜಯಲಕ್ಷ್ಮಿಯ ತಾಯಿ ಸಾವಂತ್ರಮ್ಮ. ಗದ್ದೆಯ ಕೆಸರು ಮೊಣಕಾಲಿನವರೆಗೆ ಒಣಗಿತ್ತು. ನಾನು ‘ನಮಸ್ಕಾರ’ ಎಂದೆನಷ್ಟೇ, ಒಳಗಿನಿಂದ ದನಿ ಬಂತು. ‘ಅವ್ವಾ! ಫೋನಿನಾಗಿನ ಅಕ್ಕ!’

ಸಾವಂತ್ರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

‘ಎರಡು ದಿನದಾಗ ಬರ್ತೀವಿ ಅಂದಾಕಿ ಹದಿನೆಂಟು ದಿನಕ್ಕ ಬಂದಿ. ನಿಮ್ಮ ಬಳ್ಳಾರ್‍ಯಾಗ ದಿನ ಅಷ್ಟು ಉದ್ದ ಅದಾವೇನು?’

ನಾನು ಚಪ್ಪಲಿ ಕಳಚಿ ಒಳಗೆ ಬಂದೆ.

‘ಹೋದ ವಾರನ ಆಟೋದಾಗ ಸಿರುಗುಪ್ಪಕ್ಕ ಕರ್‍ಕೊಂಡು ಹೊಂಟಿದ್ದೆ. ಈಕಿ ಬ್ಯಾಡ ಅಂದ್ಲು. ಆ ಅಕ್ಕ ಬರ್ತಾಳ, ಬಂದಾಗ ಮನ್ಯಾಗ ಇರಲಿಲ್ಲ ಅಂದ್ರ ಬೇಜಾರಾಗ್ತಾಳ ಅಂದ್ಲು.’

ನಾನು ಬರದಿದ್ದದ್ದು ಒಂದು ತಪ್ಪು. ಬರುತ್ತೇನೆಂದು ಹೇಳಿ ಅವಳನ್ನು ಮನೆಯಲ್ಲಿ ಕೂರಿಸಿದ್ದು ಅದಕ್ಕಿಂತ ದೊಡ್ಡದು. ಇದು ಯಾವ ಅಂಕಣದಲ್ಲೂ ಇರಲಿಲ್ಲ.

ಗಾದೆಮ್ಮ ಕೂತು ವಿಜಯಲಕ್ಷ್ಮಿಯ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು. ಬಿದ್ದ ಕುಳಿ ಹಾಗೇ ಉಳಿಯಿತು, ಮೇಲೇಳಲಿಲ್ಲ. ಅವಳು ಕೂಡಲೇ ನೂರಾ ಎಂಟಕ್ಕೆ ಫೋನು ಹಚ್ಚಿದಳು.

ಸಿರುಗುಪ್ಪದ ಆಸ್ಪತ್ರೆಯಲ್ಲಿ ನರ್ಸು ಬಿಪಿಯನ್ನು ಎರಡು ಸಲ ನೋಡಿದರು. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ನಿಲ್ಲಬೇಡಿ, ಬಳ್ಳಾರಿಗೆ ನಡೀರಿ ಎಂದರು. ಆಂಬುಲೆನ್ಸಿನಲ್ಲಿ ವಿಜಯಲಕ್ಷ್ಮಿ ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳೂ ಬಾತಿದ್ದವು.

‘ಏನಾರ ಮಾತಾಡು ಯಕ್ಕಾ. ಫೋನಿನಾಗ ಎಷ್ಟು ಚಂದ ಮಾತಾಡ್ತಿ.’

ದಾರಿಯಲ್ಲಿ ಮೋಕ ಊರು ದಾಟಿತು. ಬಳ್ಳಾರಿ ಬಂತು. ನನಗೆ ಒಂದು ಮಾತೂ ಹೊರಡಲಿಲ್ಲ.

ಬಳ್ಳಾರಿಯಲ್ಲಿ ದಾಖಲು ಮಾಡಿಕೊಂಡರು. ಇನ್ನೆರಡು ದಿನ ತಡವಾಗಿದ್ದರೆ ಫಿಟ್ಸ್ ಬರುತ್ತಿತ್ತು, ಇಬ್ಬರೂ ಉಳಿಯುವುದು ಕಷ್ಟವಿತ್ತು ಎಂದರು ಅಲ್ಲಿನ ಡಾಕ್ಟರಮ್ಮ. ಮೂರನೇ ದಿನ ಬಿಪಿ ಇಳಿಯಿತು. ಮಗುವಿನ ಎದೆಬಡಿತವನ್ನು ಡಾಕ್ಟರಮ್ಮ ಮಿಷನ್ನಿನಲ್ಲಿ ಕೇಳಿಸಿದಾಗ ಸಾವಂತ್ರಮ್ಮ, ‘ಕುದರಿ ಓಡಿದಂಗ ಓಡಾಕತ್ತೈತಿ, ಕಳ್ಳ’ ಎಂದು ಮೊದಲ ಸಲ ನಕ್ಕಳು.

ಆಮೇಲಿನ ದಿನಗಳಲ್ಲಿ ಉಳಿದ ದನಿಗಳನ್ನು ಒಂದೊಂದಾಗಿ ಕೇಳಿದೆ. ಹೆಸರು, ಊರು, ಏನು ತೊಂದರೆ ಎಂಬುದನ್ನೆಲ್ಲ ಡೈರಿಯಲ್ಲಿ ಬರೆದು, ಗಾದೆಮ್ಮನಿಗೆ ಓದಿ ಹೇಳಿದೆ. ಅವಳು ತನಗೆ ಗೊತ್ತಿದ್ದ ಆಶಾಗಳಿಗೆಲ್ಲ ಫೋನು ಮಾಡಿದಳು. ಕೆಲವರು ಸಿಕ್ಕರು. ಕೆಲವರ ನಂಬರು ಹತ್ತಲೇ ಇಲ್ಲ.

ವಿರೂಪಾಕ್ಷಿ ಸರ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

‘ಶಭಾಷ್ ಅರುಣಾ! ಕರೆಯಿಂದ ಉಳಿದ ಜೀವ. ಶುಕ್ರವಾರ ನಮಗೆ ಹಣ ಕೊಡೋ ದೆಹಲಿಯವರ ಮುಂದೆ ಇದನ್ನೇ ಮೊದಲು ಹೇಳೋಣ. ಆಕಿ ಫೋಟೋ ಇದ್ದರೆ ಕೊಡು.’

‘ಕೊಡಲ್ಲ ಸರ್’ ಎಂದೆ. ಅಷ್ಟು ಮೆಲ್ಲಗೆ ಹೇಳಿದ್ದರಿಂದ ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಶುಕ್ರವಾರ ದೊಡ್ಡ ಕೋಣೆಯಲ್ಲಿ ಇಪ್ಪತ್ತು ಕುರ್ಚಿ ಹಾಕಿದ್ದರು. ದೆಹಲಿಯಿಂದ ಬಂದ ಇಬ್ಬರ ಪಕ್ಕದಲ್ಲಿ, ಕನ್ನಡವನ್ನು ಅವರಿಗೆ ತಿಳಿಸಿ ಹೇಳಲು ಬೆಂಗಳೂರಿನ ಹೆಂಗಸೊಬ್ಬರು ಕೂತಿದ್ದರು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ‘63 ತಾಯಂದಿರ ಸ್ಪಂದನೆ’ ಎಂದಿತ್ತು. ಒಬ್ಬಳು ಮೂರು ಸಲ ಸ್ಪಂದಿಸಿದ್ದನ್ನೂ ಅದರಲ್ಲಿ ಮೂರು ತಾಯಂದಿರೆಂದು ಎಣಿಸಿದ್ದರು. ಮುಂದಿನ ತಿಂಗಳಿನಿಂದ ಹನ್ನೆರಡು ಸಾವಿರ ಹೆಂಗಸರಿಗೆ ಕರೆ ಹೋಗುತ್ತದೆ, ಅದೇ ದನಿ, ಅದೇ ಮಾತು ಎಂದರು ವಿರೂಪಾಕ್ಷಿ ಸರ್. ಮನೆಗೆ ಹೋಗುವವರ ಸುದ್ದಿ ಬರಲೇ ಇಲ್ಲ.

‘ದನಿ ಯಾರದು ಅಂತ ಕೇಳ್ತಿದ್ದರಲ್ಲ, ಇವಳೇ ನಮ್ಮ ಅರುಣಾ. ಬಾಮ್ಮ, ಕೊನೇ ಸಾಲು ಇವರ ಮುಂದೆ ಒಂದು ಸಲ ಹೇಳು.’

ಮೈಕು ಕೈಗೆ ಬಂತು. ಇಲ್ಲಿ ಗೋಡೆಗೆ ಕಂಬಳಿ ಇರಲಿಲ್ಲ. ಇಪ್ಪತ್ತು ಮುಖಗಳು ನನ್ನ ಕಡೆ ತಿರುಗಿದ್ದವು. ಸಾಲು ಬರೆದಿದ್ದ ಕಾಗದವನ್ನು ಮಡಚಿ ಡೈರಿಯೊಳಗಿಟ್ಟೆ. ಬಾಯಿಪಾಠವಿದ್ದ ಸಾಲಿಗೆ ಕಾಗದವೇಕೆ?

‘ತೊಂದರೆ ಇದ್ದರೆ ಎರಡನ್ನು ಒತ್ತಿ, ಹೇಳಿ’ ಎಂದೆ. ದನಿ ಚೆನ್ನಾಗಿಯೇ ಬಂತು. ದೆಹಲಿಯವರು ತಲೆಯಾಡಿಸಿದರು. ‘ಎರಡು ದಿನದೊಳಗೆ...’

ಅಲ್ಲಿ ನಿಂತೆ. ಉಸಿರು ಎಳೆದುಕೊಂಡೆ. ಮೈಕಿನಲ್ಲಿ ಅದು ಇಡೀ ಕೋಣೆಗೆ ಕೇಳಿಸಿತು. ಕೇಳಿಸಲಿ.

‘ಬರುತ್ತಾರೆ’ ಎಂದು ವಿರೂಪಾಕ್ಷಿ ಸರ್ ಪಕ್ಕದಿಂದ ಮೆಲ್ಲಗೆ ನೆನಪಿಸಿದರು. ‘ಹೇಳಮ್ಮ, ಬರುತ್ತಾರೆ.’

ನಾನು ಅವರನ್ನು ನೋಡಲಿಲ್ಲ. ಎದುರಿನ ಇಪ್ಪತ್ತು ಮಂದಿಯನ್ನೂ ನೋಡಿದೆ.

‘ಯಾರೂ ಬರಂಗಿಲ್ರಿ.’